ಜರಡಿಮನೆಯ ಹಸಿರೆಲೆ

ಆ ಪಟ್ಟಣದಲ್ಲಿ ಯಾರೂ ಬಾಯಿಂದ ಹಾಡುವುದಿಲ್ಲ. ಹಾಡು ಗಡಿಗೆಯಲ್ಲಿರುತ್ತದೆ. ಕೇಳಬೇಕಾದವರು ಮುಚ್ಚಳ ಸರಿಸುತ್ತಾರೆ, ಗಡಿಗೆಯ ಬಾಯಿಗೆ ಕಿವಿ ಇಡುತ್ತಾರೆ, ಕೇಳುತ್ತಾರೆ, ಮುಚ್ಚಳ ಮುಚ್ಚಿ ಒಂದು ಹಿಡಿ ಜೋಳ ಹಾಕಿ ಹೋಗುತ್ತಾರೆ. ಅಲ್ಲಿಯ ನೇಮ ಅದು. ನಾನು ಕಣ್ಣಾರೆ ಕಂಡು ಬಂದವನು. ನನ್ನ ಕಣ್ಣು ಸುಳ್ಳು ಕಾಣುವ ಕಣ್ಣಲ್ಲ.

ನಾನು ಹಲಗೆ ಬಾರಿಸುವವನು. ನನ್ನ ಕೈಯಂಥ ಕೈ ಹಳ್ಳದ ಈಚೆಗೂ ಇಲ್ಲ, ಆಚೆಗೂ ಇಲ್ಲ. ನಾನು ಹಲಗೆ ಕಾಯಿಸಿ ಎರಡು ಪೆಟ್ಟು ಕೊಟ್ಟರೆ ಮೇಯುವ ಎಮ್ಮೆ ತಲೆ ಎತ್ತುತ್ತದೆ. ಹೆಚ್ಚು ಹೇಳುವುದಿಲ್ಲ, ನನ್ನನ್ನು ನಾನೇ ಹೊಗಳಿಕೊಳ್ಳುವ ಅಭ್ಯಾಸ ನನಗಿಲ್ಲ.

ನಮ್ಮೂರಿಗೂ ಒಂದು ನೇಮ ಇದೆ. ಕಣದಲ್ಲಿ ಜೋಳ ತುಳಿಸಿ, ಹೊಟ್ಟು ಸಮೇತ ರಾಶಿ ಕೂಡಿಸಿದ ಮೇಲೆ, ಪದಗಾತಿ ಬಂದು ಗಾಳಿಯ ಪದ ಎತ್ತಬೇಕು. ಅವಳ ಪದ ಏಳುವ ತನಕ ಯಾರೂ ಮೊದಲ ಮೊರ ಎತ್ತುವುದಿಲ್ಲ. ಗಾಳಿ ಬೀಸುತ್ತಿದ್ದರೂ ಎತ್ತುವುದಿಲ್ಲ. ರಾಶಿ ಕಾಯುತ್ತದೆ, ಊರು ಕಾಯುತ್ತದೆ. ಆ ಪದ ಅವಳೇ ಕಟ್ಟಿದ್ದು. ಉಳಿದ ಹೆಂಗಸರು ಕೊನೆಯ ಸೊಲ್ಲು ಹಿಡಿಯುತ್ತಾರೆ, ಅಷ್ಟೇ. ಇಡೀ ಪದ ಅವಳ ಗಂಟಲು ಬಿಟ್ಟು ಬೇರೆಲ್ಲೂ ಇಲ್ಲ.

ಪದಗಾತಿಗೆ ಹೊಲವಿಲ್ಲ. ರಾಶಿಗೊಂದು ಮೊರ ಜೋಳ ಅವಳ ಪಾಲು, ವರುಷಕ್ಕೊಂದು ಸುಗ್ಗಿ. ಉಳಿದ ತಿಂಗಳುಗಳು ಅವಳಿಗೆ ಉದ್ದ. ಒಂದು ದಿನ ದಾರಿಹೋಕನೊಬ್ಬ ನಮ್ಮ ಕಣದ ಪಕ್ಕ ಎತ್ತಿಗೆ ನೀರು ಕುಡಿಸುತ್ತಾ ಅವಳು ಗುನುಗುತ್ತಿದ್ದ ಗಾಳಿಯ ಪದ ಕೇಳಿದ. ಕೇಳಿ, "ಅಮ್ಮಾ, ಇದನ್ನು ಇಲ್ಲಿ ಹೊಟ್ಟಿನ ಜೊತೆ ತೂರಿಬಿಡುತ್ತೀರಲ್ಲ! ಪಟ್ಟಣದಲ್ಲಿ ಜರಡಿಮನೆ ಇದೆ. ಒಮ್ಮೆ ಗಡಿಗೆಗೆ ಹಾಡಿ ಬನ್ನಿ. ಹಾಡುವುದು ಒಂದು ಸಲ, ಜೋಳ ಸುರಿಯುವುದು ಸದಾ," ಅಂದ. ಅಂದು ಎತ್ತು ಹೊಡೆದುಕೊಂಡು ಹೋದ.

ಪದಗಾತಿ ನನ್ನ ಕಡೆ ನೋಡಿದಳು. ಅವಳು ನನಗೆ ಸ್ವಂತ ಅಕ್ಕನಲ್ಲ, ಓಣಿಯ ಅಕ್ಕ.

"ತಮ್ಮಾ, ಈ ಸಲ ತುಳಿಸೋದು ಮುಗಿಯೋದರೊಳಗ ಹೋಗಿ ಬಂದರ ಹ್ಯಾಂಗ?"

"ನಾ ಇದ್ದೀನಲ್ಲಕ್ಕಾ," ಅಂದೆ. "ನನ್ನ ಹಲಗಿ ಇಲ್ಲದ ನಿನ್ನ ಪದ ಅಂದರ ಉಪ್ಪಿಲ್ಲದ ಸಾರು."

"ನಿನ್ನ ಬಾಯಿ ಇಲ್ಲದ ನಿನ್ನ ಹಲಗಿ ಇದ್ದಿದ್ದರ ಇನ್ನೂ ಚಲೋ ಇತ್ತು," ಅಂದಳು. ಹೊರಟೆವು. ಕಣದ ಮುದುಕಿ ಊರ ಗಡಿಯ ತನಕ ಬಂದಳು. ಕಣಕ್ಕೆ ಸಗಣಿ ಸಾರಿಸುವವಳು, ಮೊದಲ ಮೊರ ಎತ್ತುವವಳು ಅವಳೇ. "ರಾಶಿ ಕಾಯತೇತಿ, ಮಗಳ. ಗಾಳಿ ಕಾಯೂದಿಲ್ಲ," ಅಂದಳು. ಅಷ್ಟು ಹೇಳಿ ತಿರುಗಿದಳು.

ಜರಡಿಮನೆ ಎತ್ತರದ ಮನೆ. ಅಂತಸ್ತಿನ ಮೇಲೆ ಅಂತಸ್ತು. ಪ್ರತಿ ಅಂತಸ್ತಿನ ನಡುವೆ ಒಂದು ಕಂಡಿ, ಕಂಡಿಯ ಮೇಲೆ ಒಂದು ಜರಡಿ, ಜರಡಿಯ ಪಕ್ಕ ಒಬ್ಬ ಮನುಷ್ಯ. ಎಲ್ಲಕ್ಕಿಂತ ಮೇಲೆ ಗಡಿಗೆಗಳು. ಅಲ್ಲಿ ಜನ ಹಾಡು ಕೇಳಿ ಜೋಳ ಹಾಕುತ್ತಾರೆ. ಎಲ್ಲಕ್ಕಿಂತ ಕೆಳಗೆ ಹಾಡು ಕೊಟ್ಟವರು ಕೂರುತ್ತಾರೆ, ಉಡಿ ಒಡ್ಡಿಕೊಂಡು, ಕತ್ತು ಮೇಲೆತ್ತಿಕೊಂಡು. ಮೇಲಿಂದ ಏನು ಬಿದ್ದರೂ ಅದು ಅವರದು. ಅಲ್ಲಿಯ ನೇಮ ಅದು. ಕೆಳಗಿನ ಗೋಡೆಯ ತುಂಬ ಬಾಳೆ ಎಲೆಗಳು ತೂಗುತ್ತಿದ್ದವು. ಎಲ್ಲವೂ ಹಸಿರು. ತೋರಣ ಅಂದುಕೊಂಡೆ.

ಜರಡಿಮನೆಯ ಯಜಮಾನ ಬಾಗಿಲಿಗೇ ಬಂದ. ಮೆತ್ತಗೆ ಮಾತಾಡುವ ಮನುಷ್ಯ. ಸಿಟ್ಟು ಅವನ ಮುಖದಲ್ಲಿ ಹುಡುಕಿದರೂ ಸಿಗುತ್ತಿರಲಿಲ್ಲ.

"ಮೊದಲು ಊಟ," ಅಂದ. "ಹಾಡು ಆಮೇಲೆ."

ಇಂಥ ಊಟವನ್ನು ನಾನು ಮದುವೆಯಲ್ಲೂ ಕಂಡಿರಲಿಲ್ಲ. ಹೋಳಿಗೆ, ಅದರ ಮೇಲೆ ತುಪ್ಪ, ತುಪ್ಪದ ಮೇಲೆ ಇನ್ನೊಂದು ಹೋಳಿಗೆ. ನಮ್ಮೂರಲ್ಲಿ ಬಡಿಸುವವರ ಮುಂದೆ "ಬೇಡ" ಅನ್ನುವ ಹಾಗಿಲ್ಲ. ಅಂದರೆ ಮನೆಯವರಿಗೆ ಅವಮಾನ. ಅವರು ಬಡಿಸುತ್ತಾರೆ, ನಾವು ಉಣ್ಣುತ್ತೇವೆ, ಅವರಿಗೇ ಸಾಕೆನಿಸಿದಾಗ ನಿಲ್ಲಿಸುತ್ತಾರೆ. ಆದರೆ ಆ ಮನೆಯವರಿಗೆ ಸಾಕೆನಿಸಲೇ ಇಲ್ಲ. ಪದಗಾತಿ ತಲೆ ತಗ್ಗಿಸಿ ಉಂಡಳು. ನಾನು ತಲೆ ಎತ್ತಿ ಉಂಡೆ. ಬಡಿಸುವವನೊಬ್ಬ "ಇನ್ನು ನಿಮ್ಮ ಕೈಲಿ ಆಗಲಿಕ್ಕಿಲ್ಲ" ಅಂದುಬಿಟ್ಟ. ನನಗೆ ಹಾಗೆ ಅನ್ನಬಹುದೇ? ಪಾತ್ರೆಯ ತಳ ಕಾಣುವ ತನಕ ಎದ್ದೇಳಲಿಲ್ಲ. ಅಷ್ಟೂ ಹೊತ್ತು ಯಜಮಾನ ಪಕ್ಕದಲ್ಲಿ ನಿಂತು ಸಣ್ಣ ದನಿಯಲ್ಲಿ ಏನೇನೋ ಹೇಳುತ್ತಿದ್ದ. ನಾವು ಪ್ರತಿ ಸಲವೂ ಹೂಂ ಅಂದೆವು. ಬಾಯಿ ತುಂಬಿದವರು ಇನ್ನೇನು ಅನ್ನುತ್ತಾರೆ?

ಊಟವಾದ ಮೇಲೆ ಒಬ್ಬ ಆಳು ಬಂದು ಪದಗಾತಿಯ ಎಲೆ ಎತ್ತಿದ, ತೊಳೆದ. ಅವಳ ಸೆರಗಿನ ಅಂಚಿನಿಂದ ಒಂದು ಎಳೆ ಬಿಡಿಸಿಕೊಂಡು ಎಲೆಯ ದಂಟಿಗೆ ಕಟ್ಟಿದ. ಎಲೆಯನ್ನು ಗೋಡೆಗೆ ತೂಗುಹಾಕಿದ. ನನ್ನ ಎಲೆಯನ್ನೂ ತೊಳೆದು ಅವಳ ಎಲೆಯ ತುದಿಗೆ ದಾರದಿಂದ ಹೊಲಿದ.

"ನಮ್ಮೂರಾಗ ಉಂಡ ಎಲಿ ದನಕ್ಕ ಹಾಕತೀವಿ," ಅಂದೆ.

"ಇಲ್ಲಿ ಗೋಡೆಗೆ ಹಾಕುತ್ತೇವೆ," ಅಂದ ಯಜಮಾನ.

ಆಮೇಲೆ ಪದಗಾತಿ ಗಡಿಗೆಯ ಮುಂದೆ ಕೂತಳು. ನಾನು ಹಲಗೆ ಕಾಯಿಸಿದೆ. ಅವಳು ಗಾಳಿಯ ಪದ ಎತ್ತಿದಳು. ನೀರು ಬಸಿದುಹೋದ ಹಾಗೆ ಪದ ಗಡಿಗೆಗೆ ಇಳಿಯಿತು. ಮುಚ್ಚಳ ಮುಚ್ಚಿ ಹಸಿ ಮಣ್ಣು ಮೆತ್ತಿದರು. ಆ ಗಡಿಗೆಯಿಂದ ಇನ್ನೊಂದಕ್ಕೆ, ಇನ್ನೊಂದರಿಂದ ಮತ್ತೊಂದಕ್ಕೆ ಎಣ್ಣೆ ಸುರಿದ ಹಾಗೆ ಸುರಿದರು. ಎಷ್ಟು ಸುರಿದರೂ ಮೊದಲ ಗಡಿಗೆ ತುಂಬಿಯೇ ಇತ್ತು. ಸಂಜೆಯ ಹೊತ್ತಿಗೆ ಮೇಲಿನ ಅಂತಸ್ತು ಅವಳ ಪದದಿಂದ ತುಂಬಿಹೋಯಿತು.

ಮರುದಿನ ಪದಗಾತಿ ಬಾವಿಕಟ್ಟೆಯಲ್ಲಿ ತಲೆ ಬಾಚಿಕೊಳ್ಳುತ್ತಾ ಪದ ಗುನುಗಲು ಹೋದಳು. ಬಾಯಿಂದ ಬರಿ ಉಸಿರು ಬಂತು. ಮತ್ತೆ ಎತ್ತಿದಳು. ಮತ್ತೆ ಉಸಿರು. ಬೇರೆ ಮಾತೆಲ್ಲ ಬರುತ್ತಿತ್ತು, ನನ್ನನ್ನು ಬೈಯಲು ಬರುತ್ತಿತ್ತು. ಆ ಪದ ಮಾತ್ರ ಇಲ್ಲ.

ಯಜಮಾನನ ಹತ್ತಿರ ಓಡಿದೆವು.

"ಹೌದು," ಅಂದ ಅವನು. "ಎಲೆ ಹಸಿರಾಗಿರುವ ತನಕ ಹಾಡು ಮನೆಯದು. ಊಟದ ಋಣ ತೀರಿದ ದಿನ ಎಲೆ ಒಣಗಿ ಉದುರುತ್ತದೆ. ಆ ದಿನ ಹಾಡು ನಿಮ್ಮ ಬಾಯಿಗೆ ಮರಳುತ್ತದೆ. ನಿನ್ನೆಯೇ ಹೇಳಿದೆನಲ್ಲ?"

"ಯಾವಾಗ ಹೇಳಿದ್ರಿ?"

"ಹೋಳಿಗೆ ಬಡಿಸುವಾಗ. ಎರಡನೆಯ ಸಲ ತುಪ್ಪ ಹಾಕುವಾಗ ಇನ್ನೊಮ್ಮೆ ಹೇಳಿದೆ. ನೀವು ಹೂಂ ಅಂದಿರಿ."

ಪದಗಾತಿ ಗೋಡೆಯ ಎಲೆಯ ಕಡೆ ನೋಡಿದಳು. "ನಾವು ನೆಂಟರು ಅಂದುಕೊಂಡಿದ್ವಿ," ಅಂದಳು.

"ನೆಂಟರೇ," ಅಂದ ಯಜಮಾನ. ಅವನು ಸುಳ್ಳು ಹೇಳುತ್ತಿರಲಿಲ್ಲ. "ಎಷ್ಟು ಜನ ಕೇಳುತ್ತಿದ್ದಾರೆ ನೋಡಿ. ಬೇಗ ತೀರುತ್ತದೆ. ಹೋಗಿ ಉಡಿ ಒಡ್ಡಿ ಕೂರಿ."

ಪದಗಾತಿ ಕೆಳಗೆ ಕೂತಳು. ಮೇಲೆ ಜನ ಬಂದರು, ಕಿವಿ ಇಟ್ಟರು, ಕಣ್ಣು ಮುಚ್ಚಿದರು, ಹಿಡಿ ಜೋಳ ಹಾಕಿದರು. ಜೋಳ ಬೀಳುವ ಸದ್ದು ಕೆಳಗಿನ ತನಕ ಕೇಳುತ್ತಿತ್ತು, ಹಂಚಿನ ಮೇಲೆ ಬಿರುಮಳೆ ಬಿದ್ದ ಹಾಗೆ. ಅವಳ ಉಡಿಗೆ ಮಾತ್ರ ಸಣ್ಣ ದೂಳು ಇಳಿಯುತ್ತಿತ್ತು. ಜೋಳದ ಹಿಟ್ಟಿಗಿಂತ ಸಣ್ಣದು. ಸಂಜೆಗೆ ಎಲೆಯ ಆಳು ನವಿಲುಗರಿಯ ಪೊರಕೆ ತಂದು ಆ ದೂಳನ್ನೂ ಉಡಿಯಿಂದ ಗುಡಿಸಿಕೊಂಡು, "ಊಟಕ್ಕೆ," ಅಂದು ಒಯ್ದ. ಎಲೆಯ ತುದಿ ಒಂದು ಕೂದಲಿನಷ್ಟು ಹಳದಿಯಾಯಿತು. ಅವಳು ಆ ಹಳದಿಯನ್ನು ಬೆರಳಿಟ್ಟು ಮುಟ್ಟಿ ನೋಡಿದಳು.

ಅವಳ ಪಕ್ಕದಲ್ಲಿ ಕೊಳಲಿನ ಮುದುಕ ಕೂತಿದ್ದ. ಕೊಳಲು ಮಡಿಲಲ್ಲಿತ್ತು, ಗಡಿಗೆಗೆ ಕೊಟ್ಟ ರಾಗ ಊದಿದರೆ ಉಸಿರು ಮಾತ್ರ.

"ನಿಮ್ಮ ಎಲಿ ಯಾವುದು ಅಜ್ಜಾ?" ಅಂದೆ.

"ಅಗೋ, ಅದು. ನಾನು ಬಂದಾಗ ನನ್ನ ಮೀಸೆಯೂ ಅದರ ಹಾಗೇ ಹೊಸದಾಗಿತ್ತು. ಈಗ ಮೀಸೆ ಬೆಳ್ಳಗಾಗಿದೆ, ಎಲೆ ನೋಡಪ್ಪ, ಮೊನ್ನೆ ಕೊಯ್ದ ಹಾಗಿದೆ."

"ಹಂಗಾರ ನಿಮಗ ಹೊಟ್ಟಿಗೇನು?"

"ಪೇಟೆಯ ಆಚೆ ಸಂತೆ ಕೂಡುತ್ತದೆ. ಅಲ್ಲೂ, ಬೇರೆಯವರ ಮದುವೆಯಲ್ಲೂ ಬೇರೆ ರಾಗ ಊದುತ್ತೇನೆ. ಅಲ್ಲಿ ಕೊಟ್ಟದ್ದು ಹೊಟ್ಟೆಗೆ. ಇಲ್ಲಿ ಕೂರುವುದು ಈ ರಾಗಕ್ಕಾಗಿ. ನನ್ನ ಹೆಂಡತಿಗೆಂದು ಕಟ್ಟಿದ್ದು. ಅವಳು ಇರುವಷ್ಟರಲ್ಲಿ ಇನ್ನೊಮ್ಮೆ ಊದಬೇಕು ಅಂತ."

ಪದಗಾತಿ ಅವನ ಕಡೆ ತಿರುಗಿದಳು. "ಅವರು ಮ್ಯಾಲ ಹೋಗಿ ಗಡಿಗ್ಯಾಗ ಕೇಳಬೌದಲ್ಲ?"

"ಹೋಗಿದ್ದಳು. ಒಂದು ಹಿಡಿ ಜೋಳ ಕೊಟ್ಟು ಕೇಳಿ ಬಂದಳು," ಅಂದ ಮುದುಕ.

ಇಷ್ಟು ಕೇಳಿದ ಮೇಲೂ ಸುಮ್ಮನೆ ಕೂರಲು ನಾನು ಕಲ್ಲೇ? ನನಗೆ ಉಪಾಯ ಹೊಳೆಯಿತು. ಜನ ಹೆಚ್ಚು ಬಂದರೆ ಜೋಳ ಹೆಚ್ಚು ಬೀಳುತ್ತದೆ, ಜೋಳ ಹೆಚ್ಚು ಬಿದ್ದರೆ ಎಲೆ ಬೇಗ ಒಣಗುತ್ತದೆ. ಜನರನ್ನು ಕರೆಯಲು ನನಗಿಂತ ಯಾರು ಬೇಕು? ಯಜಮಾನನಿಗೆ ಹೇಳಿದೆ. ಅವನು ಬಹಳ ಖುಷಿಪಟ್ಟ. "ಡಂಗುರದ ಕೆಲಸ ನಿಮಗೇ ಇರಲಿ. ದಿನವೂ ಊಟ ನಮ್ಮದೇ," ಅಂದ.

ನಾನು ಬೀದಿಗೆ ಇಳಿದೆ. ಹಲಗೆ ಬಡಿದು ಕೂಗಿದೆ: "ಕೇಳ್ರಪ್ಪೋ ಕೇಳ್ರಿ! ಗಾಳಿಯನ್ನ ಹೆಸರು ಹಿಡಿದು ಕರಿಯೋ ಪದ! ಈ ಪದ ಕೇಳದ ಕಿವಿ ಕಿವಿಯಲ್ಲ, ಗೋಡಿಯ ತೂತು!" ಮೆತ್ತಗೆ ಮಾತಾಡುವ ಪಟ್ಟಣ ಅದು. ಅಂಥ ಕೂಗನ್ನು ಅವರ ಅಪ್ಪ ಅಜ್ಜಂದಿರೂ ಕೇಳಿರಲಿಲ್ಲ. ಕಿಟಕಿ ತೆರೆದವು, ಬಾಗಿಲು ತೆರೆದವು. ತಕ್ಕಡಿ ಹಿಡಿದಿದ್ದವನು ತಕ್ಕಡಿ ಹಿಡಿದುಕೊಂಡೇ ಬಂದ. ಜರಡಿಮನೆಯ ಮುಂದಿನ ಸಾಲು ಬೀದಿ ತಿರುಗಿ, ಇನ್ನೊಂದು ಬೀದಿ ತಿರುಗಿ, ಮತ್ತೆ ಜರಡಿಮನೆಯ ಮುಂದಕ್ಕೇ ಬಂದು ತನ್ನ ಬಾಲ ತಾನೇ ಮುಟ್ಟಿತು. ದಿನವೂ ಹಾಗೆಯೇ. ದಿನವೂ ಸಂಜೆ ನಾನು ಗೆದ್ದ ಹೋರಿಯ ಹಾಗೆ ಒಳಗೆ ಬಂದು ಊಟಕ್ಕೆ ಕೂರುತ್ತಿದ್ದೆ.

ಒಂದು ಸಂಜೆ ಪದಗಾತಿ ನನ್ನನ್ನು ಕೆಳಗೆ ಕರೆದಳು.

"ತಮ್ಮಾ, ಎಲಿ ನೋಡು."

ಎಲೆ ಗೋಡೆಯಿಂದ ಇಳಿದು ನೆಲ ಮುಟ್ಟಿ ಮಡಚಿಕೊಂಡು ಬಿದ್ದಿತ್ತು. ನಾನು ಉಂಡ ಪ್ರತಿ ಎಲೆಯನ್ನೂ ಅವಳ ಎಲೆಗೆ ಹೊಲಿದಿದ್ದರು. ಹಳದಿಯ ಗುರುತೇ ಇರಲಿಲ್ಲ.

"ನೀ ಕೂಗಿದಷ್ಟೂ ಅದು ಉದ್ದ ಆಗಾಕಹತ್ತೇತಿ," ಅಂದಳು. "ನಾಳೆ ಸ್ವಲ್ಪ ಗಂಟಲು ನೋವು ಅನ್ನು."

ನನಗೆ ಬಂದ ಸಿಟ್ಟು ಎಂಥದ್ದೆಂದರೆ ಏಣಿ ಕೇಳಲಿಲ್ಲ, ದಾರಿ ಕೇಳಲಿಲ್ಲ. ಒಳಗೋಡೆಯ ಗೂಟ ಹಿಡಿದು ಅಂತಸ್ತು ಹತ್ತಿದೆ.

ಮೊದಲ ಅಂತಸ್ತಿನ ಜರಡಿ ಸೀರೆಯ ಬಟ್ಟೆಗಿಂತ ಸಣ್ಣ ಕಣ್ಣಿನದು. ಅದರ ಪಕ್ಕ ಕೂತವನು, "ನಾನೇನೂ ತೆಗೆದುಕೊಳ್ಳುವುದಿಲ್ಲ. ಜರಡಿ ಹಿಡಿದಿದ್ದೇನೆ, ಅಷ್ಟೆ," ಅಂದ.

"ಯಾತಕ್ಕ ಹಿಡಿದಿ?"

"ಗಡಿಗೆಯ ಮಣ್ಣಿಗೆ."

ಅದರ ಮೇಲಿನ ಜರಡಿಯವನೂ, "ನಾನೇನೂ ತೆಗೆದುಕೊಳ್ಳುವುದಿಲ್ಲ. ಜರಡಿ ಹಿಡಿದಿದ್ದೇನೆ, ಅಷ್ಟೆ. ಒಡೆಯುವ ಗಡಿಗೆಗಳಿಗೆ," ಅಂದ.

"ಒಂದಾದರೂ ಒಡದೈತೇನು?"

"ಇನ್ನೂ ಇಲ್ಲ. ಒಡೆದರೆ ಬೇಕಲ್ಲ."

ಅದರ ಮೇಲಿನವನು ಡಂಗುರದ ಜರಡಿ ಹಿಡಿದಿದ್ದ. ನನ್ನನ್ನು ನೋಡಿ ಎದ್ದು ನಿಂತು ಕೈ ಮುಗಿದ. "ನೀವು ಬಂದ ಮೇಲೆ ನನ್ನ ಜರಡಿ ದೊಡ್ಡದು ಮಾಡಿದ್ದಾರೆ. ನಿಮ್ಮ ಉಪಕಾರ," ಅಂದ. ಅವನಿಗೆ ಏನು ಹೇಳಲಿ? ನನಗೇ ಮಾತು ಸಿಗದ ಜಾಗಗಳು ಈ ಲೋಕದಲ್ಲಿ ಕಡಿಮೆ. ಅದು ಒಂದು.

ಹೀಗೆ ಮೇಲೆ ಮೇಲೆ ಹತ್ತಿದೆ. ಮೇಲಕ್ಕೆ ಹೋದ ಹಾಗೆ ಜರಡಿಯ ಕಣ್ಣು ದೊಡ್ಡದಾಗುತ್ತಿತ್ತು. ಕೆಳಗೆ ದೂಳು ನಿಂತಿದ್ದರೆ ನಡುವೆ ನುಚ್ಚು ನಿಂತಿತ್ತು, ಮೇಲೆ ಇಡೀ ಕಾಳು. ಗಡಿಗೆಗಳ ಅಂತಸ್ತಿಗೆ ಬಂದಾಗ ಒಬ್ಬ ಹೆಂಗಸು ಗಡಿಗೆಗೆ ಕಿವಿ ಇಟ್ಟು ಅಳುತ್ತಿದ್ದಳು. ಅವಳು ಎದ್ದು ಹೋದ ಮೇಲೆ ನಾನೂ ಅದೇ ಗಡಿಗೆಗೆ ಕಿವಿ ಇಟ್ಟೆ. ನಮ್ಮ ಕಣ ಕೇಳಿಸಿತು. ಪದಗಾತಿಯ ದನಿ, ಅದರ ಕೆಳಗೆ ನನ್ನ ಹಲಗೆ. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ನನ್ನ ಕಣ್ಣೂ ಒದ್ದೆಯಾಯಿತು.

"ಒಂದು ಹಿಡಿ," ಅಂದ ಗಡಿಗೆ ಕಾಯುವವನು.

"ಹಲಗಿ ಬಾರಿಸಿದವ ನಾನ!"

"ಇರಬಹುದು. ಕೇಳಿದಿರಲ್ಲ? ಒಂದು ಹಿಡಿ."

ನನ್ನ ಹತ್ತಿರ ಜೋಳವಿರಲಿಲ್ಲ. ಅವನು ಒಂದು ಸಣ್ಣ ಎಲೆಯ ತುಂಡು ತೆಗೆದು ಕೆಳಗೆ ಬಿಟ್ಟ. ಅದು ಎಲ್ಲಿಗೆ ಹೋಯಿತೆಂದು ಕೇಳಬೇಕಾಗಿಯೇ ಇರಲಿಲ್ಲ.

ಆ ಅಂತಸ್ತಿನ ಹಿಂದೆ ಒಂದು ಕೋಣೆ. ಅಲ್ಲಿ ಯಜಮಾನ ಒಬ್ಬನೇ ನಿಂತು ಕೋಲಿನಿಂದ ಜೋಳ ಸರಿಮಾಡುತ್ತಿದ್ದ. ರಾಶಿ ತೊಲೆ ಮುಟ್ಟಿತ್ತು. ನಮ್ಮೂರ ಕಣಗಳನ್ನೆಲ್ಲ ಒಟ್ಟು ಸುರಿದರೂ ಅಂಥ ರಾಶಿ ಆಗದು.

"ಇದು ಯಾರ ರಾಶಿ?" ಅಂದೆ.

"ಮನೆಯ ಪಾಲು."

"ಎಲ್ಲಿಂದ ಬಂತು?"

"ನಿಮ್ಮ ಪದಗಾತಿಯ ಹಾಡಿನಿಂದ. ಬಹಳ ಒಳ್ಳೆಯ ಹಾಡು."

"ಹಂಗಾರ ಊಟದ ಋಣ ಎಂದೋ ತೀರೇತಿ! ಇದರಾಗ ಅಂಥಾ ಊಟ ಊರಿಗೇ ಹಾಕಿಸಬೌದು. ಆ ಎಲಿ ಇಳಸರಿ ಈಗ."

ಯಜಮಾನ ಕೋಲು ಕೆಳಗಿಟ್ಟು ನನಗೆ ತಿಳಿಸಿ ಹೇಳಿದ. ತಿಳಿಸಿ ಹೇಳುವುದರಲ್ಲಿ ಅವನಿಗೆ ಬೇಸರವೇ ಇಲ್ಲ. "ಹತ್ತು ಕಾಳು ಬಿದ್ದರೆ ಒಂಬತ್ತು ಮನೆಯದು, ಒಂದು ಅವರದು. ಆ ಒಂದರಲ್ಲಿ ಮಣ್ಣು, ಡಂಗುರ, ಒಡೆಯುವ ಗಡಿಗೆ ಎಲ್ಲ ಹೋಗಿ ಉಳಿದದ್ದು ಉಡಿಗೆ. ಊಟ ಉಂಡವರು ಅವರು. ಆದ್ದರಿಂದ ಊಟದ ಋಣ ಅವರ ಉಡಿಗೆ ಬಿದ್ದದ್ದರಿಂದ ತೀರಬೇಕು. ಮನೆಯ ಪಾಲಿನಿಂದ ಹೇಗೆ ತೀರುತ್ತದೆ? ಮನೆ ಉಂಡಿಲ್ಲವಲ್ಲ."

"ಈ ರಾಶಿ ಅವಳ ಹಾಡಿಂದ ಬಂದದ್ದು ಅಂದ್ರಿ."

"ಹೌದು."

"ಮತ್ತ?"

"ಮತ್ತೆ ಏನು?" ಅಂದ ಅವನು. ನಿಜಕ್ಕೂ ಕೇಳುತ್ತಿದ್ದ.

ನಾನು ಬಾಗಿಲ ಪಕ್ಕದಲ್ಲಿದ್ದ ಅವಳ ಪದದ ಗಡಿಗೆ ಎತ್ತಿ ನೆಲಕ್ಕೆ ಬಡಿದೆ. ಅದು ಚೂರಾಯಿತು. ಪದ ಒಂದು ಕ್ಷಣ ಕೋಣೆಯಲ್ಲೆಲ್ಲ ಸುಳಿದು ಕಿಟಕಿಯಿಂದ ಹೊರಗೆ ಹೋಯಿತು. ಕೆಳಗಿನ ಅಂತಸ್ತಿನಿಂದ ಒಬ್ಬನ ದನಿ ಕೇಳಿತು. ಸಂತೋಷದ ದನಿ. "ನೋಡಿದಿರಾ? ಒಡೆಯಿತು! ನಾನು ಹೇಳಿರಲಿಲ್ಲವೇ?" ಆಗಲೇ ಆಳು ಇನ್ನೊಂದು ಗಡಿಗೆ ತಂದು ಪಕ್ಕದ ಗಡಿಗೆಯಿಂದ ಪದ ಸುರಿಯುತ್ತಿದ್ದ.

ಕೆಳಗಿಳಿದು ಬಂದೆ. ನಾನು ಸೋತು ಬಂದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ನಾನು ತಿಳಿದು ಬಂದೆ. ತಿಳಿದದ್ದನ್ನು ಪದಗಾತಿಗೆ ಹೇಳಿದೆ. ಅವಳು ಉಡಿ ಒಡ್ಡಿಕೊಂಡೇ ಕೇಳಿದಳು.

"ಅಂದರ ನಾ ಇಲ್ಲಿ ಕೂತಷ್ಟೂ ಅದು ಒಣಗೂದಿಲ್ಲ."

"ಇಲ್ಲಕ್ಕಾ."

"ಹೆಚ್ಚು ಮಂದಿ ಕೇಳಿದರೂ ಒಣಗೂದಿಲ್ಲ."

"ಕೇಳಿದಷ್ಟೂ ಹಸಿರು."

ಅವಳು ಕೊಳಲಿನ ಮುದುಕನ ಕಡೆ ನೋಡಿದಳು. ಅವನು ಕತ್ತು ಮೇಲೆತ್ತಿ ಕೂತಿದ್ದ. ಬಹಳ ಕಾಲದಿಂದ ಹಾಗೇ ಕೂತವನ ಕತ್ತು ಇನ್ನು ಕೆಳಗಿಳಿಯುವ ಕತ್ತಲ್ಲ.

ಅಷ್ಟರಲ್ಲಿ ಯಜಮಾನ ಬಂದ. ಹಿಂದೆ ಇಬ್ಬರು ಆಳುಗಳು, ಅವರ ಕೈಯಲ್ಲಿ ತಟ್ಟೆ, ಪಾತ್ರೆ. ಹೋಳಿಗೆಯ ವಾಸನೆ ಕೆಳಗಿನ ಮನೆಯನ್ನೆಲ್ಲ ತುಂಬಿತು. ಅವನು ಹೊಸ ಎಲೆಯೊಂದನ್ನು ತಾನೇ ಕೈಯಾರೆ ಹಾಸಿದ. ಮೊದಲಿನ ಎಲೆಗಿಂತ ಅಗಲವಾದ ಎಲೆ.

"ಬೇಸರ ಮಾಡಿಕೊಳ್ಳಬೇಡಿ," ಅಂದ. "ನಿಮ್ಮಂಥವರು ಸುಮ್ಮನೆ ಕೂರಬಾರದು. ಇನ್ನೊಂದು ಹಾಡು ಕೊಡಿ. ಎರಡು ಹಾಡಿನ ಜೋಳ ಬಿದ್ದರೆ ಎರಡೂ ಎಲೆ ಬೇಗ ಒಣಗುತ್ತವೆ. ಮೊದಲು ಊಟ ಮಾಡಿ."

ಆಳು ಹೋಳಿಗೆ ಎತ್ತಿ ಎಲೆಯ ಮೇಲೆ ಹಿಡಿದ. ನಮ್ಮೂರಿನವಳು ಅವಳು. ಹುಟ್ಟಿದಂದಿನಿಂದ ಬಡಿಸುವವರ ಮುಂದೆ ತಲೆ ತಗ್ಗಿಸಿದವಳು. ಹಸಿವಿಲ್ಲದಾಗಲೂ ಉಂಡವಳು, ಜ್ವರ ಬಂದಾಗಲೂ ಉಂಡವಳು. ಅವಳು ಕೈ ಚಾಚಿ ಎಲೆಯ ಮೇಲೆ ಅಂಗೈ ಹರಡಿದಳು.

"ಬ್ಯಾಡ," ಅಂದಳು.

ಆಳು ನಿಂತ. ಯಜಮಾನ ನಿಂತ. ನಮ್ಮೂರಿನವರ ಬಾಯಲ್ಲಿ ಬಡಿಸುವವರ ಮುಂದೆ ಆ ಮಾತು ನಾನು ಕೇಳಿದ್ದು ಅದೇ ಮೊದಲು.

"ಸ್ವಲ್ಪವೇ," ಅಂದ ಯಜಮಾನ.

"ಬ್ಯಾಡ್ರಿ."

"ಹಾಗಾದರೆ ನಿಮ್ಮ ಹಾಡು?"

"ಇಲ್ಲೇ ಇರಲಿ."

"ನೀವು ಉಡಿ ಒಡ್ಡದಿದ್ದರೆ ಬೀಳುವ ದೂಳೂ ಯಾರದೂ ಅಲ್ಲವಲ್ಲ," ಅಂದ ಅವನು. ಅವನಿಗೆ ನಿಜವಾಗಿಯೂ ನೋವಾಗಿತ್ತು. "ಈ ಪಟ್ಟಣಕ್ಕೆ ಪಟ್ಟಣವೇ ನಿಮ್ಮ ಹಾಡನ್ನು ಎದೆಗೆ ಹಚ್ಚಿಕೊಂಡಿದೆ. ಅದನ್ನು ಬಿಟ್ಟು ಹೋಗುತ್ತೀರಾ?"

"ಹಚ್ಚಿಕೊಳ್ಳಲಿ ಬಿಡ್ರಿ. ಅವರ ಮ್ಯಾಲ ನನಗೇನು ಸಿಟ್ಟು?" ಅವಳು ಎದ್ದು ಸೆರಗು ಕೊಡವಿದಳು. ಕೊಡವಲು ಅದರಲ್ಲಿ ಏನೂ ಇರಲಿಲ್ಲ. "ನಮ್ಮ ರಾಶಿ ಕಾಯಾಕಹತ್ತೇತಿ."

ಹೊರಗೆ ಸಾಲು ಇನ್ನೂ ನಿಂತಿತ್ತು. ಅವಳು ಅದರ ಉದ್ದಕ್ಕೂ ನಡೆದು ಹೋದಳು. ಯಾರೂ ಅವಳನ್ನು ಗುರುತಿಸಲಿಲ್ಲ. ಅವರಿಗೆ ಗಡಿಗೆಯ ಗುರುತಿತ್ತು, ಮುಖದ ಗುರುತಿರಲಿಲ್ಲ. ದಾರಿಯುದ್ದಕ್ಕೂ ಅವಳು ಆಗಾಗ ಬಾಯಿ ತೆರೆಯುತ್ತಿದ್ದಳು, ಉಸಿರು ಕೇಳಿಸುತ್ತಿತ್ತು, ಬಾಯಿ ಮುಚ್ಚುತ್ತಿದ್ದಳು. ಮಾತು ಆಡಿದವನು ನಾನು. ಆದರೆ ಆ ದಿನ ನಾನೂ ಕಡಿಮೆಯೇ ಆಡಿದೆ.

ಊರಿಗೆ ಬಂದಾಗ ರಾಶಿ ಹಾಗೇ ಇತ್ತು, ಹೊಟ್ಟು ಹೊದ್ದುಕೊಂಡು. ಸುತ್ತ ಜನ ಮೊರ ಹಿಡಿದು ನಿಂತಿದ್ದರು. ಗಾಳಿ ಬೀಸುತ್ತಿತ್ತು. ಕಣದ ಮುದುಕಿ ಮೊರ ತುಂಬಿಕೊಂಡು ಮುಕ್ಕಾಲಿಯ ಮೇಲೆ ನಿಂತಿದ್ದಳು.

"ಎತ್ತವ್ವಾ," ಅಂದಳು.

ಪದಗಾತಿ ರಾಶಿಯ ಮುಂದೆ ನಿಂತು ಬಾಯಿ ತೆರೆದಳು. ಉಸಿರು ಬಂತು.

ಜನ ಒಬ್ಬರ ಮುಖ ಒಬ್ಬರು ನೋಡಿದರು. "ಪದ ಎಲ್ಲಿ?" ಅಂದ ಒಬ್ಬ. "ಪಟ್ಟಣದಾಗ ಬಿಟ್ಟು ಬಂದೀ ಏನವ್ವಾ?" ಅಂದಳು ಒಬ್ಬಳು. ಕುಹಕವೂ ಅಲ್ಲ, ಕನಿಕರವೂ ಅಲ್ಲ, ಕೇಳಬೇಕಾದ ಮಾತು.

"ಹೌದು. ಬಿಟ್ಟು ಬಂದೆ. ಅದು ಇನ್ನ ಬರೂದಿಲ್ಲ," ಅಂದಳು ಪದಗಾತಿ. ಅವಳ ದನಿ ಒಡೆಯಿತು. ಒಡೆದ ದನಿಯಲ್ಲೇ, ನೆಲ ನೋಡಿಕೊಂಡು, ಏನೋ ಹುಡುಕುವವಳ ಹಾಗೆ ನಿಲ್ಲುತ್ತಾ ನಿಲ್ಲುತ್ತಾ ಒಂದು ಸೊಲ್ಲು ಹಿಡಿದಳು:

ಮಲಗಿದ ರಾಶಿಯೇ ಏಳ, ನಿನ್ನ ಹೊಟ್ಟಿನ ಕಂಬಳಿ ತಗಿ,
ನಿಂತೋರ ಕಾಲ ಸೋತಾವ ಏಳ.

"ಇದು ಆ ಪದ ಅಲ್ಲ," ಅಂದ ಮೊದಲು ಕೇಳಿದವನು.

"ಅಲ್ಲಂತ ನನಗೂ ಕಿವಿ ಹೇಳತೇತಿ," ಅಂದಳು ಮುದುಕಿ ಮೇಲಿನಿಂದ. "ನನ್ನ ಕಾಲು ಮಾತ್ರ ಖರೇನ ಸೋತಾವ." ಅವಳು ಮೊರ ಎತ್ತಿದಳು. ಹೊಟ್ಟು ಹಾರಿತು, ಕಾಳು ಬಿತ್ತು.

ಹೊಸ ಪದಕ್ಕೆ ನನ್ನ ಕೈ ಮೊದಲ ಪೆಟ್ಟಿಗೇ ಕೂಡಿತು. ಮೂರನೆಯ ಸಲಕ್ಕೆ ಕೂಡಿತು ಅಂತ ಹೇಳುವವರೂ ಇದ್ದಾರೆ. ಅವರ ಕಿವಿ ಸರಿಯಿಲ್ಲ. ಪದ ಕುಂಟುತ್ತಾ ನಡೆಯಿತು. ಒಂದು ಸೊಲ್ಲು ಸಿಕ್ಕರೆ ಇನ್ನೊಂದು ಸಿಗದು. ಸಿಗದಾಗ ಅವಳು ನಿಂತವರನ್ನೇ ಪದದೊಳಗೆ ಸೇರಿಸಿ ಹಾಡಿದಳು. ಮೂಗಿಗೆ ಬಟ್ಟೆ ಕಟ್ಟಿದವನನ್ನು, ಸೀನುವವಳನ್ನು, ಮೊರ ಒಡೆದುಕೊಂಡವನನ್ನು. ಹಾಡಿಸಿಕೊಂಡವರು ನಾಚಿಕೊಂಡು ಮೊರ ಜೋರಾಗಿ ತೂರಿದರು.

ರಾಶಿ ಅರ್ಧ ತೂರಿದಾಗ ಒಬ್ಬ ಪಟ್ಟಣದವನು ಕಣದ ಅಂಚಿಗೆ ಬಂದು ನಿಂತ. ನನ್ನ 'ಕೇಳ್ರಪ್ಪೋ' ಕೇಳಿ ಸಾಲು ನಿಂತವರಲ್ಲಿ ಒಬ್ಬನಂತೆ. ಹಾಡು ಎಲ್ಲಿಂದ ಬಂತೆಂದು ಕೇಳುತ್ತಾ ಕೇಳುತ್ತಾ ಬಂದಿದ್ದ. ಕಂಕುಳಲ್ಲಿ ಒಂದು ಸಣ್ಣ ಗಡಿಗೆ. ಒಂದು ಕೈಯ ಮುಷ್ಟಿ ಬಿಗಿದಿತ್ತು. ಅವನು ಮೆಲ್ಲಗೆ ಗಡಿಗೆಯ ಮುಚ್ಚಳ ತೆಗೆದು ಬಾಯಿಯನ್ನು ಪದಗಾತಿಯ ಕಡೆ ತಿರುಗಿಸಿದ.

ಪದಗಾತಿ ಹಾಡು ನಿಲ್ಲಿಸಲಿಲ್ಲ. ಹಾಡುತ್ತಲೇ ನಡೆದು ಹೋಗಿ ಮುಚ್ಚಳ ಕಸಿದು ಗಡಿಗೆಗೆ ಮುಚ್ಚಿದಳು.

"ಹಾಗಾದರೆ ಕೇಳುವುದು ಹೇಗೆ?" ಅಂದ ಅವನು, ಮೆತ್ತಗೆ.

"ಕಿವಿ ಮನಿಯಾಗ ಇಟ್ಟು ಬಂದೀ ಏನಪಾ?" ಅಂದಳು ಮುದುಕಿ. "ಸುಮ್ಮ ನಿಲ್ಲಬ್ಯಾಡ. ಮೊರ ಹಿಡಿ."

ಯಾರೋ ಅವನ ಮುಂದೆ ತುಂಬಿದ ಮೊರ ಚಾಚಿದರು. ಅವನು ಗಡಿಗೆ ಕೆಳಗಿಟ್ಟ. ಮೊರಕ್ಕೆ ಎರಡೂ ಕೈ ಬೇಕು, ಒಂದು ಕೈ ಮುಷ್ಟಿ. ಮುಷ್ಟಿಯಲ್ಲಿದ್ದದ್ದು ಜೋಳ, ಹಾಡಿಗೆಂದು ಪಟ್ಟಣದಿಂದ ಹಿಡಿದು ತಂದ ಒಂದು ಹಿಡಿ. ಅದನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಅವನು ಜರಡಿಗಾಗಿ ಅತ್ತ ನೋಡಿದ, ಇತ್ತ ನೋಡಿದ, ಆಕಾಶ ನೋಡಿದ.

ಪದಗಾತಿ ಅವನ ಮುಂದೆ ಉಡಿ ಒಡ್ಡಿದಳು. ಅವನು ಮುಷ್ಟಿ ಬಿಚ್ಚಿದ. ಇಡೀ ಹಿಡಿ, ಕಾಳಿಗೆ ಕಾಳು, ಒಂದೇ ಸಲ ಬಿತ್ತು. ಸೆರಗು ಜಗ್ಗಿತು. ಅವಳು ಉಡಿ ನೋಡಿದಳು, ಪದ ತಪ್ಪಿತು.

ನಾನು ಹಲಗೆಯ ಪೆಟ್ಟು ಬಿಡದೆ ಹಿಡಿದೆ. ಸ್ವಲ್ಪ ಹೊತ್ತಿಗೆ ಅವಳು ಪದ ಎತ್ತಿ ಬಂದು ಸೇರಿಕೊಂಡಳು.